ಪಾಲಿಹೌಸ್ ತರಕಾರಿಗೆ ಹಾಕುವ ಸಾವಯವ ಗೊಬ್ಬರದಿಂದ ಹೊಮ್ಮುವ ಅನಿಲಗಳ ಲೆಕ್ಕ ಹಿಡಿಯುವುದು ಹೇಗೆ?

ಮಾವಳದ ಬೆಳೆಗಾರ, ತಳೇಗಾಂವ್ ದಾಭಾಡೆ

ಎಲ್ಲರಿಗೂ ನಮಸ್ಕಾರ. ಪುಣೆಯ ಬಳಿ ಮಾವಳ ತಾಲೂಕಿನ ತಳೇಗಾಂವ್ ಹತ್ತಿರ 10 ಗುಂಟೆಯ ಪಾಲಿಹೌಸಿನಲ್ಲಿ ನಾನು ಕೆಂಪು ಮತ್ತು ಹಳದಿ ದೊಣ್ಣೆ ಮೆಣಸಿನಕಾಯಿ ಬೆಳೆಯುತ್ತೇನೆ. ಫ್ಯಾನು, ಪ್ಯಾಡುಗಳಿಲ್ಲದ, ಬದಿಯ ಪರದೆ ಎತ್ತಿ ಗಾಳಿಯಾಡಿಸುವ ಸಾಧಾರಣ ಪಾಲಿಹೌಸ್ ಇದು. ಯೂರಿಯಾ ಆಗಲಿ, ನೀರಿನಲ್ಲಿ ಕರಗುವ ರಸಗೊಬ್ಬರವಾಗಲಿ ಬಳಸುವುದಿಲ್ಲ. ನಾಟಿಗೆ ಮುಂಚೆ 10 ಟನ್ ಕೊಟ್ಟಿಗೆ ಗೊಬ್ಬರ, 1 ಟನ್ ಕೋಳಿ ಗೊಬ್ಬರ ಮತ್ತು 200 ಕಿಲೋ ಬೇವಿನ ಹಿಂಡಿಯನ್ನು ಕೆಂಪು ಮಣ್ಣು, ಭತ್ತದ ಹೊಟ್ಟುಗಳ ಜೊತೆ ಕಲಸಿ ಏರುಮಡಿ ಕಟ್ಟುತ್ತೇವೆ. ನಾಟಿಯ ನಂತರ ಸೋಸಿದ ಜೀವಾಮೃತವನ್ನು (ಸಗಣಿ, ಗೋಮೂತ್ರ, ಬೆಲ್ಲ ಮೊದಲಾದವನ್ನು ಕಲಸಿ ಹುದುಗಿಸಿದ ದ್ರವ) ಹನಿ ನೀರಿನೊಂದಿಗೆ ಕೊಡುತ್ತೇವೆ.

ವಾಕಡ, ಬಾಣೇರ ಕಡೆಯ ವಸತಿ ಸಂಕೀರ್ಣಗಳಿಗೆ ನೇರವಾಗಿ ಮಾಲು ಕೊಡುತ್ತಿರುವುದರಿಂದ, ಪೆಟ್ಟಿಗೆಯ ಮೇಲೆ 'ಹವಾಮಾನಕ್ಕೆ ಹಾನಿಯಿಲ್ಲದ ಬೆಳೆ' ಎಂದು ಅಚ್ಚು ಹಾಕಿಸಿದರೆ ಒಳ್ಳೆಯ ಬೆಲೆ ಸಿಗುತ್ತದೆ ಎಂದು ಕೊಳ್ಳುವವರೇ ಸಲಹೆ ಕೊಡುತ್ತಿದ್ದಾರೆ. ಸಾವಯವ ಎಂದ ಮಾತ್ರಕ್ಕೆ ಹಾಗೆ ಬರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಮಡಿಯ ಮೇಲಿನ ಮಲ್ಚಿಂಗ್ ಹಾಳೆಯನ್ನು ಸರಿಸಿ ಕೈ ಇಟ್ಟಾಗ ಮಣ್ಣು ಬೆಚ್ಚಗೆ, ಒದ್ದೆಯಾಗಿ, ವಾಸನೆಯಿಂದ ಕೂಡಿರುತ್ತದೆ. ಅಲ್ಲಿ ಏನೋ ನಡೆಯುತ್ತಿದೆ, ಏನೋ ಹೊರಗೆ ಹೋಗುತ್ತಿದೆ ಎಂಬುದು ಸ್ಪಷ್ಟ. ಅದು ಎಷ್ಟು, ಅದರಲ್ಲಿ ಯಾವುದು ನನ್ನ ಕೈಯಲ್ಲಿದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮಣ್ಣುವಿಜ್ಞಾನದ ವಿದ್ಯಾರ್ಥಿನಿ, ಶಿವಾಜಿನಗರ

ಸರ್, ನೀವು ಕೇಳಿರುವ ಪ್ರಶ್ನೆಗೆ ಟನ್ನಿನ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ, ಸಾರಜನಕದ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಆದ್ದರಿಂದ ಮೊದಲು ಅದನ್ನೇ ಮಾಡೋಣ. ಕೊಟ್ಟಿಗೆ ಗೊಬ್ಬರದಲ್ಲಿ ಸರಾಸರಿ ಶೇ. 0.5ರಷ್ಟು ಸಾರಜನಕ ಇರುತ್ತದೆ ಎಂದಿಟ್ಟುಕೊಂಡರೆ 10 ಟನ್ನಿಗೆ 50 ಕಿಲೋ. ಕೋಳಿ ಗೊಬ್ಬರದಲ್ಲಿ ಶೇ. 2.5 ಎಂದರೆ 1 ಟನ್ನಿಗೆ 25 ಕಿಲೋ. ಬೇವಿನ ಹಿಂಡಿಯಲ್ಲಿ ಶೇ. 5 ಎಂದರೆ 200 ಕಿಲೋಗೆ 10 ಕಿಲೋ. ಒಟ್ಟು 85 ಕಿಲೋ. ಹತ್ತು ಗುಂಟೆಯೆಂದರೆ ಹೆಚ್ಚುಕಡಿಮೆ ಹೆಕ್ಟೇರಿನ ಹತ್ತನೆಯ ಒಂದು ಭಾಗವಾದ್ದರಿಂದ, ನೀವು ಹೆಕ್ಟೇರಿಗೆ ಸುಮಾರು 850 ಕಿಲೋ ಸಾರಜನಕ ಹಾಕುತ್ತಿದ್ದೀರಿ. ಬಯಲಿನ ತರಕಾರಿಗೆ ಸಾಮಾನ್ಯವಾಗಿ ಇಷ್ಟು ಹಾಕುವುದಿಲ್ಲ. ಚೀನಾದ ಶಾಂಡೋಂಗ್ ಪ್ರಾಂತ್ಯದ ಶೌಗ್ವಾಂಗ್ ಕಡೆಯ ಪ್ಲಾಸ್ಟಿಕ್ ಮನೆಗಳಲ್ಲಿ ಗೊಬ್ಬರ, ರಸಗೊಬ್ಬರ ಎರಡೂ ಸೇರಿ ವರ್ಷಕ್ಕೆ ಹೆಕ್ಟೇರಿಗೆ 1000 ಕಿಲೋ ಮೀರಿ ಸಾರಜನಕ ಬಿದ್ದು, ಅಂತರ್ಜಲದಲ್ಲಿ ನೈಟ್ರೇಟ್ ಏರಿ ಮಣ್ಣು ಹುಳಿಯಾದ ಸಂಗತಿಯನ್ನು ನಮಗೆ ಪಾಠದಲ್ಲೇ ಹೇಳುತ್ತಾರೆ. ನಿಮ್ಮ ಗೊಬ್ಬರದಲ್ಲಿರುವ ಸಾರಜನಕ ನಿಧಾನವಾಗಿ ಬಿಡುಗಡೆಯಾಗುವಂಥದ್ದು, ಕೊಟ್ಟಿಗೆ ಗೊಬ್ಬರದಲ್ಲಂತೂ ಮೊದಲ ಹಂಗಾಮಿಗೆ ಮೂರನೆಯ ಒಂದು ಭಾಗದಷ್ಟು ಮಾತ್ರ ದೊರೆಯುತ್ತದೆ ಎಂಬುದು ನಿಜವೇ. ಆದರೆ ಉಳಿದದ್ದು ಮಡಿಯಲ್ಲೇ ಇರುತ್ತದೆ, ಮುಂದಿನ ವರ್ಷ ಅದರ ಮೇಲೆ ಮತ್ತೆ ಅಷ್ಟನ್ನೇ ಹಾಕುತ್ತೀರಿ.

ಈಗ ಅನಿಲದ ವಿಷಯ. ಗೊಬ್ಬರ ಕೊಳೆಯುವಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ, ಏಕೆಂದರೆ ಆ ಇಂಗಾಲವನ್ನು ಮೇವಿನ ಗಿಡ ಇತ್ತೀಚೆಗಷ್ಟೇ ಗಾಳಿಯಿಂದ ಪಡೆದಿರುತ್ತದೆ. ಮುಖ್ಯ ಆರೋಪಿ ನೈಟ್ರಸ್ ಆಕ್ಸೈಡ್. ಮಣ್ಣಿನ ಬ್ಯಾಕ್ಟೀರಿಯಾಗಳು ಗಾಳಿಯಿದ್ದಾಗ ಅಮೋನಿಯವನ್ನು ನೈಟ್ರೇಟಿಗೆ ತಿರುಗಿಸುತ್ತವೆ. ಗಾಳಿ ಸಾಲದಾದಾಗ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟಿನ ಆಮ್ಲಜನಕವನ್ನೇ ಬಳಸಿ ಅದನ್ನು ಹಂತಹಂತವಾಗಿ ಸಾರಜನಕ ಅನಿಲದವರೆಗೆ ಒಯ್ಯುತ್ತವೆ. ಈ ಎರಡೂ ದಾರಿಗಳಲ್ಲಿ ನೈಟ್ರಸ್ ಆಕ್ಸೈಡ್ ಸೋರುತ್ತದೆ. ನೂರು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ 273 ಕಿಲೋಗೆ ಸಮ. ಓಜೋನ್ ಪದರಕ್ಕೂ ಇದು ಕುತ್ತು. ಈ ಶತಮಾನದಲ್ಲಿ ಮನುಷ್ಯರು ಹೊರಬಿಡುತ್ತಿರುವ ಓಜೋನ್ ನಾಶಕಗಳಲ್ಲಿ ಇದೇ ಮುಂದಿದೆ ಎಂದು 2009ರಲ್ಲಿ ತೋರಿಸಿಕೊಟ್ಟ ತಂಡದ ಮುಖ್ಯಸ್ಥ ಎ. ಆರ್. ರವಿಶಂಕರ ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು ಎಂಬುದನ್ನು ನಮ್ಮವರು ತಿಳಿದಿರಬೇಕು.

ಐಪಿಸಿಸಿಯ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ) 2006ರ ಮಾರ್ಗಸೂಚಿಯ ಪ್ರಕಾರ ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಶೇ. 1ರಷ್ಟು ಹೀಗೆ ಹೋಗುತ್ತದೆ. 2019ರ ಪರಿಷ್ಕರಣೆಯಲ್ಲಿ ತೇವದ ಹವೆಯ ಪ್ರದೇಶಗಳಿಗೆ ರಸಗೊಬ್ಬರವಾದರೆ ಶೇ. 1.6, ಸಾವಯವವಾದರೆ ಶೇ. 0.6, ಒಣ ಪ್ರದೇಶಗಳಿಗೆ ಎಲ್ಲಕ್ಕೂ ಶೇ. 0.5 ಎಂದು ಬೇರ್ಪಡಿಸಿದರು. ನಿಮ್ಮ ಪಾಲಿಹೌಸ್ ಎರಡರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ: ಪ್ಲಾಸ್ಟಿಕ್ಕಿನ ಅಡಿಗೆ ಮಳೆ ಬೀಳುವುದಿಲ್ಲ, ಆದರೆ ಮಡಿ ವರ್ಷದ ಬಹುಭಾಗ ತೇವವಾಗಿಯೇ ಇರುತ್ತದೆ. ಶೇ. 1 ಎಂದು ಹಿಡಿದರೆ 85 ಕಿಲೋ ಸಾರಜನಕದಿಂದ 0.85 ಕಿಲೋ, ಅದನ್ನು 44/28ರಿಂದ (ಸಾರಜನಕದ ತೂಕವನ್ನು ನೈಟ್ರಸ್ ಆಕ್ಸೈಡಿನ ತೂಕಕ್ಕೆ ತಿರುಗಿಸುವ ಅನುಪಾತ) ಗುಣಿಸಿದರೆ 1.34 ಕಿಲೋ ನೈಟ್ರಸ್ ಆಕ್ಸೈಡ್, ಅಂದರೆ ಸುಮಾರು 365 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಶೇ. 0.6 ಎಂದು ಹಿಡಿದರೆ ಸುಮಾರು 220 ಕಿಲೋ. ಹಂಗಾಮಿಗೆ ನಿಮಗೆ 8 ಟನ್ ಕಾಯಿ ಬಂದರೆ, ಹೆಚ್ಚಿನ ಅಂಕಿಯನ್ನೇ ಇಟ್ಟುಕೊಂಡರೂ ಕಿಲೋ ಕಾಯಿಗೆ 45 ಗ್ರಾಂ ಆಸುಪಾಸು. ಇದು ಶೂನ್ಯವೂ ಅಲ್ಲ, ಭಯಪಡುವಂಥದ್ದೂ ಅಲ್ಲ.

ಹಿರಿಯ ಸದಸ್ಯ, ಚಿಂಚವಡ

ತಂಗಿ, ಲೆಕ್ಕ ಚೆನ್ನಾಗಿ ಬಿಡಿಸಿದ್ದೀರಿ. ಆದರೂ ಒಂದು ಆಕ್ಷೇಪವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಬೆಳಗಾವಿ ಜಿಲ್ಲೆಯ ನಮ್ಮ ಊರಿನಲ್ಲಿ ತಿಪ್ಪೆ ಇಲ್ಲದ ಮನೆ ಇರಲಿಲ್ಲ. ದನ ಇದ್ದ ಮೇಲೆ ಸಗಣಿ ಇದ್ದೇ ಇರುತ್ತದೆ. ಅದನ್ನು ಹೊಲಕ್ಕೆ ಹಾಕಿದರೂ ಕೊಳೆಯುತ್ತದೆ, ಹಾಕದೆ ಗಟಾರಕ್ಕೆ ಬಿಟ್ಟರೂ ಕೊಳೆಯುತ್ತದೆ. ಹೀಗಿರುವಾಗ ಆ ಅನಿಲವನ್ನೆಲ್ಲ ಮೆಣಸಿನಕಾಯಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವೆ? ಯೂರಿಯಾ ಹಾಗಲ್ಲ. ಅದನ್ನು ನೈಸರ್ಗಿಕ ಅನಿಲ ಸುಟ್ಟು ಹೊಸದಾಗಿ ತಯಾರಿಸಬೇಕು, ರೈಲಿನಲ್ಲಿ ಲಾರಿಯಲ್ಲಿ ಸಾಗಿಸಬೇಕು. ಇಂಥ ಲೆಕ್ಕಗಳನ್ನು ಅರ್ಧಂಬರ್ಧ ಓದಿದವರು 'ಸಾವಯವವೂ ಅಷ್ಟೇ, ರಾಸಾಯನಿಕವೂ ಅಷ್ಟೇ' ಎಂದು ಹೇಳಲು ಶುರು ಮಾಡುತ್ತಾರೆ. ಮಣ್ಣಿಗೆ ಜೀವ ತುಂಬಲು ವರ್ಷಗಟ್ಟಲೆ ದುಡಿದ ರೈತನಿಗೆ ಇದರಿಂದ ಅನ್ಯಾಯವಾಗುತ್ತದೆ. ದಯವಿಟ್ಟು ಯೂರಿಯಾದ ಲೆಕ್ಕವನ್ನೂ ಪಕ್ಕದಲ್ಲಿಟ್ಟು ತೋರಿಸಿ.

ಮಣ್ಣುವಿಜ್ಞಾನದ ವಿದ್ಯಾರ್ಥಿನಿ, ಶಿವಾಜಿನಗರ

ನಿಮ್ಮ ಮಾತು ಸರಿ ಸರ್, ಪಕ್ಕದಲ್ಲಿಟ್ಟೇ ನೋಡಬೇಕು. ಅದೇ 85 ಕಿಲೋ ಸಾರಜನಕವನ್ನು ಯೂರಿಯಾದಿಂದ ಕೊಡಲು ಸುಮಾರು 185 ಕಿಲೋ ಯೂರಿಯಾ ಬೇಕು. ತೇವ ಪ್ರದೇಶದ ಶೇ. 1.6ರ ಪ್ರಕಾರ ಮಣ್ಣಿನಿಂದಲೇ ಸುಮಾರು 580 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಯೂರಿಯಾ ಮಣ್ಣಿನಲ್ಲಿ ಒಡೆಯುವಾಗ ಅದರೊಳಗಿನ ಇಂಗಾಲವೇ ಹೊರಬರುವುದರಿಂದ ಮತ್ತೆ 135 ಕಿಲೋ. ಕಾರ್ಖಾನೆಯ ಪಾಲು ಇದರ ಮೇಲೆ. ಸಾವಯವದ ಪರವಾಗಿಯೇ ತಕ್ಕಡಿ ವಾಲುತ್ತದೆ. ಆದರೆ ಯೂರಿಯಾ ಕೊಡುವವರು ಇಷ್ಟನ್ನು ಒಮ್ಮೆಲೇ ಸುರಿಯುವುದಿಲ್ಲ, ಬೆಳೆ ಎಳೆದುಕೊಳ್ಳುವಷ್ಟನ್ನು ಕಂತುಗಳಲ್ಲಿ ಹನಿ ನೀರಿನೊಂದಿಗೆ ಕೊಡುತ್ತಾರೆ, ಆದ್ದರಿಂದ ಒಟ್ಟು ಪ್ರಮಾಣವೇ ಕಡಿಮೆಯಾಗುತ್ತದೆ. ಕಿಲೋಗೆ ಕಿಲೋ ಹೋಲಿಸಿದರೆ ಸಾವಯವ ಗೆಲ್ಲುತ್ತದೆ. ಮೂರು ಪಟ್ಟು ಹಾಕಿದರೆ ಆ ಗೆಲುವು ಕರಗಿಹೋಗುತ್ತದೆ. ನನ್ನ ಕಾಳಜಿ ಇರುವುದು ಇಲ್ಲಿ.

ಸಗಣಿ ಹೇಗಿದ್ದರೂ ಕೊಳೆಯುತ್ತದೆ ಎಂಬ ಮಾತಿನ ಬಗ್ಗೆ: ರಾಷ್ಟ್ರೀಯ ಲೆಕ್ಕಪತ್ರದಲ್ಲಿ ತಿಪ್ಪೆಯಲ್ಲಿದ್ದಾಗಿನ ಅನಿಲವನ್ನು ಪಶುಸಂಗೋಪನೆಯ ಖಾತೆಗೂ, ಮಣ್ಣಿಗೆ ಸೇರಿದ ಮೇಲಿನದನ್ನು ಬೇಸಾಯದ ಮಣ್ಣಿನ ಖಾತೆಗೂ ಬರೆಯುತ್ತಾರೆ. ಆದರೆ ಕೊಳೆಯುವ ರೀತಿ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಮಳೆಗೆ ನೆನೆದು ಒಳಗೆ ಗಾಳಿಯಾಡದ ತಿಪ್ಪೆ ಮೀಥೇನ್ ಕಾರುತ್ತದೆ. ಅದೇ ಸಗಣಿಗೆ ಒಣ ಹುಲ್ಲು, ಹೊಟ್ಟು ಬೆರೆಸಿ, ಇಂಗಾಲ ಮತ್ತು ಸಾರಜನಕದ ಅನುಪಾತ 25ರಿಂದ 30ರ ಹತ್ತಿರ ಇರುವಂತೆ ಮಾಡಿ, ಮೇಲೆ ಹೊದಿಕೆ ಹಾಕಿ ಕಾಂಪೋಸ್ಟ್ ಮಾಡಿದರೆ ಮೀಥೇನ್ ಬಹಳ ಕಡಿಮೆಯಾಗುತ್ತದೆ. ತೀರಾ ಪದೇ ಪದೇ ತಿರುವಿದರೆ ಮಾತ್ರ ಅಮೋನಿಯ ಹಾರಿಹೋಗಿ ಸಾರಜನಕ ನಷ್ಟವಾಗುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ತೇವ ಹದವಾಗಿದೆ, ಧಾರೆಯಾಗಿ ಇಳಿದರೆ ಒಳಗೆ ಗಾಳಿಯಿಲ್ಲ ಎಂದು ತಿಳಿಯಬೇಕು.

ಇಂಧನ ಲೆಕ್ಕ ಪರಿಶೋಧಕ, ಚೆಂಬೂರು

ನಾನು ಬೆಳೆಗಾರನಲ್ಲ, ಕಟ್ಟಡ ಮತ್ತು ಕಾರ್ಖಾನೆಗಳ ವಿದ್ಯುತ್ ಲೆಕ್ಕ ನೋಡುವವನು. 365 ಕಿಲೋ ಎಂಬ ಅಂಕಿಯ ಗಾತ್ರ ತಿಳಿಯಲು ಒಂದು ಹೋಲಿಕೆ ಕೊಡುತ್ತೇನೆ. ನಮ್ಮ ದೇಶದ ಗ್ರಿಡ್ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ನಿಮ್ಮ ಇಡೀ ಹಂಗಾಮಿನ ಗೊಬ್ಬರದ ಲೆಕ್ಕ ಸುಮಾರು 520 ಯೂನಿಟ್ ವಿದ್ಯುತ್ತಿಗೆ ಸಮ. ಒಂದೊಂದು ಅಶ್ವಶಕ್ತಿಯ ನಾಲ್ಕು ಫ್ಯಾನುಗಳನ್ನು ದಿನಕ್ಕೆ 6 ಗಂಟೆ ಓಡಿಸಿದರೆ ಒಂದು ತಿಂಗಳಲ್ಲಿ ಅಷ್ಟು ಖರ್ಚಾಗುತ್ತದೆ. ಬದಿಯ ಪರದೆ ಎತ್ತಿ ಗಾಳಿಯಾಡಿಸುವ ಪಾಲಿಹೌಸನ್ನು ಆರಿಸಿಕೊಂಡಾಗಲೇ ನೀವು ಗೊಬ್ಬರದ ಲೆಕ್ಕಕ್ಕಿಂತ ದೊಡ್ಡ ಉಳಿತಾಯ ಮಾಡಿದ್ದೀರಿ. ಕಬ್ಬಿಣದ ಚೌಕಟ್ಟು, ಕೆಲವು ವರ್ಷಗಳಿಗೊಮ್ಮೆ ಬದಲಿಸುವ 200 ಮೈಕ್ರಾನ್ ಪ್ಲಾಸ್ಟಿಕ್, ಮಾಲು ಸಾಗಿಸುವ ಟೆಂಪೊ ಇವುಗಳನ್ನೂ ಸೇರಿಸದೆ ಪೆಟ್ಟಿಗೆಯ ಮೇಲೆ ಏನನ್ನೂ ಅಚ್ಚು ಹಾಕಿಸಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

ಇನ್ನೊಂದು ದಾರಿಯನ್ನು ಹೇಳಬೇಕು. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ 'ನಿಸರ್ಗಋಣ' ಮಾದರಿಯ ಸ್ಥಾವರಗಳಲ್ಲಿ ಹಸಿ ಕಸದಿಂದ ಜೈವಿಕ ಅನಿಲ ತೆಗೆದು, ಉಳಿದದ್ದನ್ನು ಗೊಬ್ಬರವಾಗಿ ಬಳಸುತ್ತಾರೆ. ಸಗಣಿ ಮತ್ತು ಕೃಷಿತ್ಯಾಜ್ಯಕ್ಕೆ ಇದೇ ಉದ್ದೇಶದ ಗೋಬರ್ಧನ್ ಯೋಜನೆ 2018ರಿಂದ ಇದೆ. ತಿಪ್ಪೆಯಲ್ಲಿ ಗಾಳಿಗೆ ಸೇರುತ್ತಿದ್ದ ಮೀಥೇನ್ ಇಲ್ಲಿ ಒಲೆಯಲ್ಲಿ ಉರಿಯುತ್ತದೆ. ತಳೇಗಾಂವ್ ಸುತ್ತಮುತ್ತ ದನಗಳ ಗೋಠಾಗಳು (ಕೊಟ್ಟಿಗೆಗಳು) ಇರುವುದರಿಂದ, ಕೊಟ್ಟಿಗೆ ಗೊಬ್ಬರದ ಬದಲು ಗೋಬರ್ ಗ್ಯಾಸಿನ ಸ್ಲರಿಯನ್ನು ತರುವ ಸಾಧ್ಯತೆಯನ್ನು ವಿಚಾರಿಸಬಹುದಲ್ಲವೆ?

ಫೋಂಡಾದ ತೋಟಗಾರ

ಗೋವೆಯ ಸ್ಥಿತಿ ಸ್ವಲ್ಪ ಬೇರೆ, ಆದರೂ ಕೆಂಪು ಮಣ್ಣು ತಂದು ಮಡಿ ಕಟ್ಟುವವರೆಲ್ಲರಿಗೂ ಇದು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ನಮ್ಮದು ಜಂಬಿಟ್ಟಿಗೆ ಮಣ್ಣು, ಸ್ವಭಾವತಃ ಹುಳಿ. ನೈಟ್ರಸ್ ಆಕ್ಸೈಡನ್ನು ನಿರಪಾಯಕಾರಿ ಸಾರಜನಕಕ್ಕೆ ತಿರುಗಿಸುವ ಕಿಣ್ವ ಹುಳಿ ಮಣ್ಣಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೀಗಾಗಿ ಬ್ಯಾಕ್ಟೀರಿಯಾಗಳ ಕೆಲಸ ಕೊನೆಯ ಮೆಟ್ಟಿಲಿಗೆ ಮುಂಚೆಯೇ ನಿಂತು, ನೈಟ್ರಸ್ ಆಕ್ಸೈಡ್ ಹಾಗೆಯೇ ಹೊರಬೀಳುತ್ತದೆ. ಅಷ್ಟೇ ಗೊಬ್ಬರ, ಅಷ್ಟೇ ನೀರು ಇದ್ದರೂ ಮಣ್ಣಿನ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5 ಇರುವಾಗ ಹೀಗೆ ಹೊರಬೀಳುವ ಪಾಲು 6.5 ಇರುವಾಗಿನದಕ್ಕಿಂತ ಹೆಚ್ಚು. ನಾವು ಸುಣ್ಣ ಹಾಕಿ ಸರಿಪಡಿಸಿಕೊಳ್ಳುತ್ತೇವೆ. ಸುಣ್ಣದಕಲ್ಲಿನ ಪುಡಿ 100 ಕಿಲೋ ಹಾಕಿದರೆ ಅದರಿಂದಲೂ 44 ಕಿಲೋವರೆಗೆ ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂಬುದನ್ನು ಮರೆಯಬಾರದು, ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕುವುದು ಬೇಡ.

ಮಳೆಗಾಲದಲ್ಲಿ ನಮ್ಮಲ್ಲಿ ಗೊಬ್ಬರದ ರಾಶಿಯನ್ನು ತೆರೆದ ಅಂಗಳದಲ್ಲಿ ಇಟ್ಟರೆ ನಾಲ್ಕೇ ದಿನಗಳಲ್ಲಿ ಕಂದು ನೀರು ಹರಿಯಲು ತೊಡಗುತ್ತದೆ. ಆ ನೀರಿನೊಂದಿಗೆ ಹೋಗುವ ನೈಟ್ರೇಟ್ ಗದ್ದೆಯಲ್ಲೋ ಹಳ್ಳದಲ್ಲೋ ನೈಟ್ರಸ್ ಆಕ್ಸೈಡ್ ಆಗುತ್ತದೆ. ಲೋಣಾವಳ ಹತ್ತಿರವಿರುವ ಮಾವಳದಲ್ಲೂ ಮಳೆ ಕಡಿಮೆಯೇನಲ್ಲ. ರಾಶಿಯ ಮೇಲೆ ಹಳೆಯ ಪಾಲಿಹೌಸ್ ಪ್ಲಾಸ್ಟಿಕ್ಕನ್ನೇ ಹೊದಿಸಿ, ಬುಡವನ್ನು ಎತ್ತರಿಸಿ ಇಡಿ.

ಮಾವಳದ ಬೆಳೆಗಾರ, ತಳೇಗಾಂವ್ ದಾಭಾಡೆ

ಎಲ್ಲರಿಗೂ ಕೃತಜ್ಞತೆಗಳು. ಹೆಕ್ಟೇರಿಗೆ 850 ಕಿಲೋ ಎಂಬ ಅಂಕಿ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದೆ. ಈ ಕಡೆ ಗೊಬ್ಬರವನ್ನು ಟ್ರಾಲಿ ಲೆಕ್ಕದಲ್ಲಿ ಕೊಳ್ಳುತ್ತೇವೆ, ಟ್ರಾಲಿ ಲೆಕ್ಕದಲ್ಲೇ ಹಾಕುತ್ತೇವೆ. ಕೋಳಿ ಗೊಬ್ಬರದ ಒಂದು ಟ್ರಾಲಿ ಕೊಟ್ಟಿಗೆ ಗೊಬ್ಬರದ ಐದು ಟ್ರಾಲಿಗೆ ಸಮ ಎಂದು ಅಕ್ಕಪಕ್ಕದ ಬೆಳೆಗಾರರಲ್ಲಿ ಯಾರೂ ಎಣಿಸುವುದಿಲ್ಲ.

ಇನ್ನೂ ಎರಡು ವಿಷಯ ಕೇಳಬೇಕಾಗಿದೆ. ಬೇರಿಗೆ ಬೀಳುವ ದುಂಡುಹುಳುವಿನ (ನೆಮಟೋಡ್) ಕಾಟ ತಡೆಯಲು ಮೇ ತಿಂಗಳಲ್ಲಿ ಮಡಿಗೆ ಗೊಬ್ಬರ ಬೆರೆಸಿ, ಚೆನ್ನಾಗಿ ನೀರು ಕುಡಿಸಿ, ಪಾರದರ್ಶಕ ಹಾಳೆ ಹೊದಿಸಿ ಬಿಸಿಲಿಗೆ ಬಿಡುವ ರೂಢಿ ನಮ್ಮಲ್ಲಿದೆ. ಇಷ್ಟು ತೇವ, ಇಷ್ಟು ಶಾಖ, ಇಷ್ಟು ಗೊಬ್ಬರ ಒಟ್ಟಿಗೆ ಇರುವಾಗ ಅನಿಲ ಹೆಚ್ಚಾಗುವುದಿಲ್ಲವೆ? ಎರಡನೆಯದು ಕೋಳಿ ಗೊಬ್ಬರದ್ದು. ಅದು ಹಸಿಯಾಗಿದ್ದರೆ ಬೆಳಿಗ್ಗೆ ಪರದೆ ಎತ್ತುವ ಮೊದಲು ಒಳಗೆ ಹೋದಾಗ ಕಣ್ಣು ಉರಿಯುತ್ತದೆ, ಎಳೆಯ ಸಸಿಗಳ ಎಲೆಯಂಚು ಸುಟ್ಟಂತಾಗುತ್ತದೆ. ಇದು ಅಮೋನಿಯ ಎಂದು ಗೊತ್ತು. ಹವಾಮಾನದ ಲೆಕ್ಕದಲ್ಲಿ ಅಮೋನಿಯಕ್ಕೂ ಸ್ಥಾನವಿದೆಯೆ?

ಮಣ್ಣುವಿಜ್ಞಾನದ ವಿದ್ಯಾರ್ಥಿನಿ, ಶಿವಾಜಿನಗರ

ಅಮೋನಿಯ ತಾನಾಗಿ ಹಸಿರುಮನೆ ಅನಿಲವಲ್ಲ ಸರ್. ಆದರೆ ಅದು ಹಾರಿಹೋಗಿ ಬೇರೆಡೆ ಮಣ್ಣಿಗೋ ನೀರಿಗೋ ಇಳಿದ ಮೇಲೆ ಅದರಲ್ಲೂ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ಇದನ್ನು ಪರೋಕ್ಷ ಹೊರಸೂಸುವಿಕೆ ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಮೇಲೆ ಕೊಟ್ಟ 365 ಕಿಲೋದಲ್ಲಿ ಅದು ಸೇರಿಲ್ಲ. ಐಪಿಸಿಸಿಯ ಲೆಕ್ಕದಲ್ಲಿ ಸಾವಯವ ಗೊಬ್ಬರದ ಸಾರಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೀಗೆ ಹಾರಿಹೋಗುತ್ತದೆ ಎಂದು ಹಿಡಿಯುತ್ತಾರೆ. ನೀವು ದುಡ್ಡು ಕೊಟ್ಟು ತಂದ ಸಾರಜನಕವದು. ಬಸಿದುಹೋಗುವ ಪಾಲಿನ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ: ಒಣ ಪ್ರದೇಶಗಳಲ್ಲಿ ಹನಿ ನೀರಾವರಿ ಇದ್ದರೆ ಆ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೋಳಿ ಗೊಬ್ಬರವನ್ನು ಪಾಲಿಹೌಸಿನ ಹೊರಗೆ ಭತ್ತದ ಹೊಟ್ಟಿನ ಜೊತೆ ಕಾಂಪೋಸ್ಟ್ ಮಾಡಿ, ವಾಸನೆ ಪೂರ್ತಿ ಇಳಿದ ಮೇಲಷ್ಟೇ ಒಳಗೆ ತರಬೇಕು. ಚೆಂಬೂರಿನ ಸರ್ ಹೇಳಿದ ಸ್ಲರಿಗೂ ಇದೇ ಎಚ್ಚರ ಬೇಕು. ಜೈವಿಕ ಅನಿಲ ತೆಗೆದ ಮೇಲೆ ಉಳಿಯುವ ಸಾರಜನಕದಲ್ಲಿ ಅಮೋನಿಯದ ಪಾಲು ಹೆಚ್ಚಿರುವುದರಿಂದ ಅದನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಮಣ್ಣಿನೊಳಗೆ ಕೊಡಬೇಕು.

ಮೇ ತಿಂಗಳ ಬಿಸಿಲಿನ ಉಪಚಾರದ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದು. ಮಣ್ಣಿನ ರಂಧ್ರಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಭಾಗ ನೀರು ತುಂಬಿದಾಗ ನೈಟ್ರೇಟ್ ಒಡೆಯುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಸುಲಭವಾಗಿ ಕೊಳೆಯುವ ಹಸಿ ಗೊಬ್ಬರವೂ ಜೊತೆಗಿದ್ದರೆ ಅವುಗಳಿಗೆ ಬೇಕಾದ ಇಂಗಾಲವೂ ಸಿಕ್ಕಂತಾಗುತ್ತದೆ. ಹಿಂದಿನ ಬೆಳೆಯ ನೈಟ್ರೇಟ್ ಮಡಿಯಲ್ಲಿ ಉಳಿದಿದ್ದರಂತೂ ಮೊದಲ ಕೆಲವು ದಿನಗಳಲ್ಲಿ ನೈಟ್ರಸ್ ಆಕ್ಸೈಡ್ ಜೋರಾಗಿ ಏಳುತ್ತದೆ. ದುಂಡುಹುಳುವಿಗೆ ಶಾಖ ಮತ್ತು ತೇವವೇ ಮದ್ದು. ಆದ್ದರಿಂದ ಗೊಬ್ಬರವಿಲ್ಲದೆ ಬಿಸಿಲಿನ ಉಪಚಾರ ಮುಗಿಸಿ, ಹಾಳೆ ತೆಗೆದು, ಮಡಿ ಆರಿದ ನಂತರ ಮಾಗಿದ ಗೊಬ್ಬರ ಬೆರೆಸುವುದು ನನಗೆ ಹೆಚ್ಚು ಸೂಕ್ತವಾಗಿ ಕಾಣುತ್ತದೆ. ಹುಳುವಿನ ಕಾಟ ವಿಪರೀತವಿದ್ದರೆ ಮಾತು ಬೇರೆ, ಗೊಬ್ಬರದಿಂದ ಏಳುವ ಅಮೋನಿಯವೂ ಅವುಗಳನ್ನು ಕೊಲ್ಲಲು ನೆರವಾಗುತ್ತದೆ. ಬೆಳೆಯೇ ಹಾಳಾದರೆ ಕಿಲೋ ಕಾಯಿಯ ಲೆಕ್ಕ ಇನ್ನೂ ಕೆಡುತ್ತದೆ.

ಬೇವಿನ ಹಿಂಡಿಯನ್ನು ಮಾತ್ರ ಬಿಡಬೇಡಿ. ಅಮೋನಿಯ ನೈಟ್ರೇಟ್ ಆಗುವ ವೇಗವನ್ನು ಬೇವು ತಗ್ಗಿಸುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ 2015ರಿಂದ ಬೇವಿನೆಣ್ಣೆಯ ಲೇಪನ ಕಡ್ಡಾಯವಾದದ್ದರ ಹಿಂದೆ ಈ ಗುಣವೂ ಇದೆ. ಹಿಂಡಿಯನ್ನು ಕೋಳಿ ಗೊಬ್ಬರದ ಜೊತೆಯಲ್ಲೇ ಬೆರೆಸಿದರೆ ಅದರ ಪ್ರಯೋಜನ ಹೆಚ್ಚು.

ಹಿರಿಯ ಸದಸ್ಯ, ಚಿಂಚವಡ

ಹೀಗೆ ವಿವರಿಸಿದರೆ ನನ್ನ ಆಕ್ಷೇಪಕ್ಕೆ ಎಡೆಯಿಲ್ಲ. ಗೊಬ್ಬರವನ್ನು ದೂಷಿಸುವುದು ಬೇರೆ, ಅದನ್ನು ಹಾಕುವ ಕ್ರಮವನ್ನು ತಿದ್ದುವುದು ಬೇರೆ. ನಮ್ಮ ಹಿರಿಯರು ತಿಪ್ಪೆಯನ್ನು ಬೇಸಿಗೆಯಲ್ಲಿ ತೆಗೆದು, ಮೊದಲ ಮಳೆಗೆ ಮುಂಚೆ ಹೊಲಕ್ಕೆ ಹರಡಿ, ತಡಮಾಡದೆ ಕುಂಟೆ ಹೊಡೆಯುತ್ತಿದ್ದರು. ಮಣ್ಣಿನಲ್ಲಿ ಮುಚ್ಚಿಹೋದ ಗೊಬ್ಬರದಿಂದ ಅಮೋನಿಯ ಹಾರುವುದು ಕಡಿಮೆ ಎಂಬುದು ಈ ವಿವರಣೆಯಿಂದ ನನಗೆ ಮನವರಿಕೆಯಾಯಿತು. ಆದರೆ ಶೇ. 0.5, ಶೇ. 2.5 ಎಂಬುವೆಲ್ಲ ಸರಾಸರಿಗಳು. ಪ್ರತಿ ಟ್ರಾಲಿಯೂ ಬೇರೆ ಬೇರೆ, ಕೆಲವು ಟ್ರಾಲಿಗಳಲ್ಲಿ ಅರ್ಧಕ್ಕರ್ಧ ನೀರು ಮತ್ತು ಮಣ್ಣು. ಸಾಮಾನ್ಯ ಬೆಳೆಗಾರ ತನ್ನ ಗೊಬ್ಬರದ ಸಾರಜನಕವನ್ನು, ಸಾಧ್ಯವಾದರೆ ಮಡಿಯಿಂದ ಬರುವ ಅನಿಲವನ್ನು ತಾನೇ ಅಳೆಯುವ ಬಗೆ ಏನಾದರೂ ಇದೆಯೆ?

ಮಣ್ಣುವಿಜ್ಞಾನದ ವಿದ್ಯಾರ್ಥಿನಿ, ಶಿವಾಜಿನಗರ

ಗೊಬ್ಬರದ ಪರೀಕ್ಷೆ ಸುಲಭ ಸರ್. ರಾಶಿಯ ಹೊರಮೈಯಿಂದ ಮಾತ್ರ ತೆಗೆಯದೆ, ಒಳಗೆ ತೋಡಿ ಹತ್ತು ಹನ್ನೆರಡು ಕಡೆಯಿಂದ ಹಿಡಿಹಿಡಿ ತೆಗೆದು, ಬಕೆಟಿನಲ್ಲಿ ಚೆನ್ನಾಗಿ ಬೆರೆಸಿ, ಅದರಲ್ಲಿ ಅರ್ಧ ಕಿಲೋವನ್ನು ಗಾಳಿಯಾಡದ ಚೀಲದಲ್ಲಿ ಅಂದೇ ಪ್ರಯೋಗಾಲಯಕ್ಕೆ ಕೊಡಬೇಕು. ತೇವಾಂಶ, ಒಟ್ಟು ಸಾರಜನಕ, ಇಂಗಾಲ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಮಣ್ಣು ಪರೀಕ್ಷೆಯನ್ನೂ ಅದೇ ವಾರ ಮಾಡಿಸಿದರೆ ಹಿಂದಿನ ಬೆಳೆಯಿಂದ ಉಳಿದ ನೈಟ್ರೇಟ್ ಎಷ್ಟೆಂದು ತಿಳಿಯುತ್ತದೆ. ಮಾವಳದ ಸರ್ ಅವರ ಮಡಿಯಲ್ಲಿ ಅದು ಈಗಾಗಲೇ ಸಾಕಷ್ಟಿದ್ದರೆ, ಈ ಸಲ ಕೋಳಿ ಗೊಬ್ಬರವನ್ನು ಪೂರ್ತಿಯಾಗಿಯೇ ಬಿಡಬಹುದು.

ಅನಿಲವನ್ನು ಬೆಳೆಗಾರರು ತಾವಾಗಿ ಅಳೆಯುವುದು ಕಷ್ಟ. ಅಡಿ ಇಲ್ಲದ ಒಂದು ಚೌಕಟ್ಟನ್ನು ಮಡಿಯೊಳಗೆ ಒತ್ತಿ, ಮೇಲೆ ಮುಚ್ಚಳ ಕವುಚಿ, 0, 15, 30, 45 ನಿಮಿಷಗಳಿಗೆ ರಬ್ಬರ್ ಬಿರಡೆಯ ಮೂಲಕ ಸಿರಿಂಜಿನಲ್ಲಿ ಗಾಳಿ ತೆಗೆದು, ಗ್ಯಾಸ್ ಕ್ರೊಮ್ಯಾಟೊಗ್ರಾಫ್ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಒಯ್ಯಬೇಕು. ಯಾವುದಾದರೂ ಸ್ನಾತಕೋತ್ತರ ವಿದ್ಯಾರ್ಥಿಗೆ ನಿಮ್ಮ ಪಾಲಿಹೌಸನ್ನು ಪ್ರಯೋಗಕ್ಕೆ ಬಿಟ್ಟುಕೊಟ್ಟರೆ ಅದು ಸಾಧ್ಯ. ಹಾಗೆ ಮಾಡುವುದಾದರೆ ಗೊಬ್ಬರ ಬೆರೆಸಿ ಮೊದಲ ನೀರು ಕೊಟ್ಟ ದಿನದಿಂದ ಮೂರು ವಾರ ದಿನ ಬಿಟ್ಟು ದಿನ ಮಾದರಿ ತೆಗೆಯಲು ಒಪ್ಪಿಸಿ. ಹಂಗಾಮಿನ ಅನಿಲದ ದೊಡ್ಡ ಪಾಲು ಆ ದಿನಗಳಲ್ಲೇ ಹೊರಬರುತ್ತದೆ, ಆಮೇಲೆ ತಿಂಗಳಿಗೊಮ್ಮೆ ಬಂದು ಅಳೆದವರಿಗೆ ಅದು ಕಾಣುವುದೇ ಇಲ್ಲ. ಚೌಕಟ್ಟನ್ನು ಹನಿ ಬೀಳುವ ಜಾಗದಲ್ಲೊಂದು, ಎರಡು ಹನಿಗಳ ನಡುವಿನ ಒಣ ಜಾಗದಲ್ಲೊಂದು ಇಡಬೇಕು.